ಪ್ಯಾನೆಲ್ ತಂಪೋ, ಬಿಸಿನೀರೋ: ಪಿವಿಟಿ ಕಟ್ಟಿದವನ ಲೆಕ್ಕ

ಪಿವಿಟಿ ಅಂದರೆ ಸೌರ ಪ್ಯಾನೆಲ್ಲಿನ ಬೆನ್ನಿಗೆ ಕೊಳವೆ ಕಟ್ಟಿ, ಪಂಪಿನಿಂದ ನೀರು ಹರಿಸಿ, ಪ್ಯಾನೆಲ್ಲನ್ನು ತಂಪಾಗಿಸುತ್ತಲೇ ಕರೆಂಟಿನ ಜೊತೆ ಬಿಸಿನೀರನ್ನೂ ಪಡೆಯುವ ಏರ್ಪಾಡು. ಕೊಳವೆ ಕೊಳ್ಳುವ ಮೊದಲು ಪಂಪಿನ ಲೆಕ್ಕ ನೋಡಿ. ಪ್ಯಾನೆಲ್ಲಿನೊಳಗೆ ಕರೆಂಟು ಹುಟ್ಟಿಸುವ ಸೆಲ್ ಒಂದೊಂದು ಡಿಗ್ರಿ ಬಿಸಿಯಾದಂತೆ ಉತ್ಪಾದನೆ ಸುಮಾರು 0.4% ಇಳಿಯುತ್ತದೆ. 330 ವ್ಯಾಟಿನ, 72 ಸೆಲ್‌ಗಳ ಪ್ಯಾನೆಲ್ಲನ್ನು 62 ಡಿಗ್ರಿಯಿಂದ 42ಕ್ಕೆ ಇಳಿಸಿದರೂ ಚದರ ಮೀಟರಿಗೆ 800 ವ್ಯಾಟ್ ಬಿಸಿಲಿನಲ್ಲಿ ಹೆಚ್ಚುವರಿಯಾಗಿ ಸಿಗುವುದು 20 ವ್ಯಾಟ್ ಆಸುಪಾಸು. 18 ವ್ಯಾಟಿನ ಪಂಪು ಹೆಚ್ಚುಕಡಿಮೆ ಅದನ್ನೆಲ್ಲ ತಿಂದುಬಿಡುತ್ತದೆ. ಹಾಗಾಗಿ ನಾನು ಒಂದು ಪಂಪಿಗೆ ನಾಲ್ಕು ಪ್ಯಾನೆಲ್ ಸೇರಿಸಿದೆ. ನಿಜವಾದ ಗಳಿಕೆ ಶಾಖದಲ್ಲಿದೆ: ಪ್ಯಾನೆಲ್ ಒಂದಕ್ಕೆ ಸುಮಾರು 550 ವ್ಯಾಟ್.

ಬೆನ್ನಿಗೆ 1 ಮಿ.ಮೀ. ಅಲ್ಯೂಮಿನಿಯಂ ತಗಡು, ಅದರ ಮೇಲೆ 100 ಮಿ.ಮೀ. ಅಂತರದಲ್ಲಿ 10 ಮಿ.ಮೀ. ತಾಮ್ರದ ಕೊಳವೆಗಳು. ತಂತಿಗಳು ಹೊರಡುವ ಜಂಕ್ಷನ್ ಬಾಕ್ಸ್ ಇರುವಲ್ಲಿ ತಗಡು ಕತ್ತರಿಸಿ ಬಿಡಬೇಕು. ಫ್ರೇಮಿಗೆ ರಂಧ್ರ ಕೊರೆಯಬೇಡಿ, ಗಾಜು ಸೀಳಬಹುದು. ನೀರು ಕೆಳಗಿನ ಮೂಲೆಯಿಂದ ಹೊಕ್ಕು ಎದುರು ಮೂಲೆಯಲ್ಲಿ ಮೇಲಿನಿಂದ ಹೊರಬರಲಿ. ಆಗ ಎಲ್ಲ ಕೊಳವೆಗಳಿಗೂ ಹೆಚ್ಚುಕಡಿಮೆ ಸಮನಾಗಿ ಹರಿಯುತ್ತದೆ, ಗಾಳಿಯೂ ಸಿಕ್ಕಿಕೊಳ್ಳುವುದಿಲ್ಲ. ಪ್ಯಾನೆಲ್ಲಿಗೆ ನಿಮಿಷಕ್ಕೆ 2.3 ಲೀಟರ್ ಸಾಕು. ಒಳಹೊರಗಿನ ವ್ಯತ್ಯಾಸ ಮೂರೂವರೆ ಡಿಗ್ರಿ ಇರುತ್ತದೆ.

ಕೆಲಸ ಕೆಡುವುದು ಬಹುತೇಕ ಅಂಟಿನಲ್ಲಿ. ತಗಡಿಗೂ ಬೆನ್ನಿನ ಹಾಳೆಗೂ ನಡುವೆ ಅರ್ಧ ಮಿ.ಮೀ. ಗಾಳಿ ಉಳಿದರೂ ಶಾಖ ಸರಿಯಾಗಿ ದಾಟದು. ಶಾಖವಾಹಕ ಸಿಲಿಕೋನ್ ತೆಳ್ಳಗೆ ಬಳಿದು, ಮರಳು ಚೀಲ ಹರಡಿ, ಒಂದು ದಿನ ಕದಲಿಸದೆ ಬಿಡಬೇಕು. ನೀರಿಗೂ ಪ್ಯಾನೆಲ್ ಬೆನ್ನಿಗೂ 15 ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಅಂಟು ಹಿಡಿದಿಲ್ಲ ಅಂತಲೇ ಅರ್ಥ. ಅಳೆಯಲು ಬೆನ್ನಿಗೆ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅಂಟಿಸಿ. ಗಾಜಿನ ಮೇಲೆ ಹಿಡಿದ ಇನ್ಫ್ರಾರೆಡ್ ಗನ್ನು ಆಕಾಶದ ಪ್ರತಿಫಲನವನ್ನೂ ಸೇರಿಸಿ ಓದುತ್ತದೆ.

ಬೋರ್‌ವೆಲ್ಲಿನ ಗಡಸು ನೀರು ಕೊಳವೆಗೆ ನೇರ ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ತುಕ್ಕುನಿರೋಧಕ ಬೆರೆಸಿ ಮುಚ್ಚಿದ ಸುತ್ತು ಮಾಡಿ, ಟ್ಯಾಂಕಿನೊಳಗೆ ತಾಮ್ರದ ಸುರುಳಿ ಇಡಿ. ನಮ್ಮ ಕಡೆ ನೀರು ಹೆಪ್ಪುಗಟ್ಟದು, ಹೆಪ್ಪುಗಟ್ಟದಂತೆ ಬೆರೆಸುವ ಗ್ಲೈಕಾಲ್ ದಂಡ.

ಸಂಶೋಧನೆಯಲ್ಲಿ ಈಗ ನ್ಯಾನೊದ್ರವದ್ದೇ ಮಾತು: ನೀರಿಗೆ ಅಲ್ಯೂಮಿನಾ ಅಥವಾ ತಾಮ್ರದ ಆಕ್ಸೈಡ್ ಕಣ. ಪ್ರಯೋಗಾಲಯದಲ್ಲಿ ಚೆನ್ನ. ಛಾವಣಿಯ ಮೇಲೆ ರಾತ್ರಿ ಪಂಪು ನಿಂತಾಗ ಕಣಗಳು ತಳ ಸೇರುತ್ತವೆ, ದ್ರವ ಮಂದವಾದಷ್ಟೂ ಪಂಪಿನ ಹೊರೆ ಏರುತ್ತದೆ. ಅಂಟೇ ಅಡ್ಡ ನಿಂತಿರುವಾಗ ದ್ರವ ಸುಧಾರಿಸಿ ಏನು ಬಂತು? ಶಾಖ ಹೀರಿ ಕರಗಲೆಂದು ಪ್ಯಾನೆಲ್ ಬೆನ್ನಿಗೆ ಮೇಣ ತುಂಬುವುದಕ್ಕೂ ಒಂದು ತೊಡಕಿದೆ: ಮೇಣಕ್ಕೆ ಶಾಖ ಸಾಗಿಸುವ ಗುಣ ತೀರಾ ಕಡಿಮೆ.

ದೊಡ್ಡ ಇಕ್ಕಟ್ಟು ಟ್ಯಾಂಕಿನದು. 28 ಡಿಗ್ರಿಯ 300 ಲೀಟರ್ ನೀರು ನಾಲ್ಕು ಪ್ಯಾನೆಲ್ಲಿನ ಶಾಖಕ್ಕೆ ಸುಮಾರು ಮೂರು ಗಂಟೆಯಲ್ಲಿ 45 ಮುಟ್ಟುತ್ತದೆ. ಆಮೇಲೆ ಸೆಲ್ 55ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕರೆಂಟು ಮುಖ್ಯವಾದರೆ ಟ್ಯಾಂಕು ದೊಡ್ಡದಿರಲಿ, ಬೆಚ್ಚಗಾದ ನೀರು ಗೀಸರಿಗೆ ಹೋಗಿ ಅಲ್ಲಿ ಪೂರ್ತಿ ಕಾಯಲಿ. ಬೆನ್ನಿಗೆ ದಪ್ಪ ಶಾಖನಿರೋಧಕ ಹಾಕಿದರೆ ನೀರೇನೋ ಬೇಗ ಕಾಯುತ್ತದೆ. ಪಂಪು ನಿಂತ ಮಧ್ಯಾಹ್ನ ಪ್ಯಾನೆಲ್ ಮಾತ್ರ ಬರಿ ಪ್ಯಾನೆಲ್ಲಿಗಿಂತಲೂ ಹೆಚ್ಚು ಕಾದು ಕೂರುತ್ತದೆ. ನಾನು ಹಾಕಿಲ್ಲ.