ಮಳೆಗಾಲಕ್ಕೆ ಅಂತ ಎತ್ತಿಟ್ಟ ದುಡ್ಡು

ನಮ್ಮ ಮನೆಗೆ ದುಡ್ಡು ಬರುವ ದಾರಿ ಎರಡು. ನಮ್ಮವರು ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ, ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಮಳೆಗಾಲ ಬಂತೆಂದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅದು ಮುಗಿಯುವ ಮೊದಲೇ, ಜುಲೈ ಮಧ್ಯಕ್ಕೆ, ತುಳು ಪಂಚಾಂಗದ ಆಟಿ ತಿಂಗಳು ಶುರು. ಆಟಿಯಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ. ಹಾಗಾಗಿ ಹೊಲಿಗೆಯೂ ಇಲ್ಲ. ಶಾಲೆಯ ಫೀಸು, ಪುಸ್ತಕ, ಕೊಡೆ, ಸೋರುವ ಮಾಡು, ಮಕ್ಕಳ ಜ್ವರ ಎಲ್ಲ ಸಾಲಾಗಿ ಬರುವುದೂ ಇದೇ ಹೊತ್ತಿಗೆ.

ಮದುವೆಯಾದ ಮೇಲೆ ಸುಮಾರು ವರ್ಷ ಜೂನ್ ಬಂದ ಕೂಡಲೇ ನನ್ನ ಬಳೆ ಅಡವಿಡಬೇಕಾಗುತ್ತಿತ್ತು. ನವರಾತ್ರಿ ಕಳೆದ ಮೇಲೆ ಬಡ್ಡಿ ಸೇರಿಸಿ ಬಿಡಿಸಿಕೊಳ್ಳುವುದು. ನಮ್ಮ ಕಡೆ ಎಷ್ಟೋ ಮನೆಗಳ ಕತೆ ಇದೇ. ಮೂವತ್ತು ದಾಟಿದ ಮೇಲೆ ನನಗೆ ಇದು ಸಾಕು ಅನಿಸಿತು. ವರ್ಷದ ಒಳ್ಳೆ ಸೀಸನ್ನಿನ ದುಡಿಮೆಯೆಲ್ಲ ಬಳೆ ಬಿಡಿಸಲಿಕ್ಕೇ ಹೋದರೆ ಉಳಿಯುವುದು ಎಂತ? ಈಗ ನನಗೆ ಮೂವತ್ತೇಳು. ಬಳೆ ನನ್ನ ಹತ್ತಿರವೇ ಉಂಟು. ಹೇಗೆ ಮಾಡಿದೆ ಅಂತ ಕೇಳುವ ಹೆಂಗಸರು ಜಾಸ್ತಿಯಾಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಬರೆದಿಡುವ ಕೆಲಸ. ಅಳತೆ ಬರೆಯುವ ಪುಸ್ತಕವನ್ನೇ ಹಿಂದಿನಿಂದ ತಿರುಗಿಸಿ ಲೆಕ್ಕಕ್ಕೆ ಇಟ್ಟೆ. ಮುಂದಿನಿಂದ ಎದೆ, ಸೊಂಟ, ತೋಳುದ್ದ. ಹಿಂದಿನಿಂದ ಆ ದಿನ ಬಂದದ್ದು, ಹೋದದ್ದು. ಲೈನಿಂಗ್ ಬ್ಲೌಸಿಗೆ ನಾನು ತೆಗೆದುಕೊಳ್ಳುವುದು 400. ಅದರಲ್ಲಿ ಲೈನಿಂಗ್ ಬಟ್ಟೆ, ನೂಲು, ಹುಕ್, ಕರೆಂಟು ಕಳೆದರೆ ನನಗೆ ಸಿಗುವುದು ಎಷ್ಟು ಅಂತ ಒಂದು ಪೂರ್ತಿ ಸೀಸನ್ ಬರೆದ ಮೇಲೆಯೇ ಸರಿಯಾಗಿ ಗೊತ್ತಾಯಿತು. ಬಟ್ಟೆ ಕೊಡುವಾಗಲೇ ಅರ್ಧ ದುಡ್ಡು ಕೊಡಿ ಅಂತ ಹೇಳಲು ಧೈರ್ಯ ಬಂದದ್ದು ಆ ಪುಟ ನೋಡಿಯೇ. ಪರಿಚಯದವರ ಹತ್ತಿರ ಮುಂಗಡ ಕೇಳುವುದು ಕಷ್ಟ, ಅಲ್ವಾ? ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: "ಲೈನಿಂಗ್ ತರಲಿಕ್ಕೆ ಬೇಕಕ್ಕ." ಯಾರೂ ಬೇಡ ಅನ್ನಲಿಲ್ಲ.

ಆಮೇಲೆ ಪಿಗ್ಮಿ, ಅಂದರೆ ಮನೆ ಬಾಗಿಲಲ್ಲೇ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿ. ಇದು ನಮ್ಮ ಊರಿನದ್ದೇ ಪದ್ಧತಿ. ಕೈಮಗ್ಗದವರಿಗೆ ನೆರವಾಗಲಿ ಅಂತ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಶುರುವಾಯಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. 1928ರಲ್ಲಿ ಅವರು ಮನೆಮನೆಗೆ ಜನ ಕಳಿಸಿ ದಿನಕ್ಕೆ ಎರಡಾಣೆಯಿಂದ ಠೇವಣಿ ಕಟ್ಟಿಸಿಕೊಳ್ಳಲು ತೊಡಗಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿಹೋಯಿತು, ಆದರೆ ಪಿಗ್ಮಿ ಅನ್ನುವ ಹೆಸರು ನಮ್ಮ ಬೀದಿಗಳಲ್ಲಿ ಹಾಗೇ ಉಳಿದಿದೆ. ನನ್ನ ಅಮ್ಮ ಬೀಡಿ ಕಟ್ಟಿ ಬಂದ ದುಡ್ಡಿನಲ್ಲಿ ಪಿಗ್ಮಿ ಹಾಕುತ್ತಿದ್ದರು. ಬಡ್ಡಿ ಕಡಿಮೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಹೌದು, ಕಡಿಮೆಯೇ. ಆದರೆ ನನ್ನ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ. ಸಂಜೆಯೊಳಗೆ ಯಾರಾದರೂ ಬಂದು ತೆಗೆದುಕೊಂಡು ಹೋಗದಿದ್ದರೆ ಅದು ಮೀನಿಗೋ ಬಿಸ್ಕೆಟಿಗೋ ಕರಗುತ್ತದೆ. ಬಾಗಿಲಿಗೆ ಬಂದು ಕೇಳುವ ಆ ಒಬ್ಬ ಮನುಷ್ಯ ನನಗೆ ಬಡ್ಡಿಗಿಂತ ದೊಡ್ಡದು.

ಪಿಗ್ಮಿಯಲ್ಲಿ ನಾನು ಬಿಗಿಯಾಗಿ ಹಿಡಿದ ವಿಷಯ ಒಂದೇ: ಅವಧಿ ಮುಗಿಯುವುದು ಮೇ ಕೊನೆಗೇ ಆಗಬೇಕು. ಅದಕ್ಕೆ ಜೂನ್ ಮೊದಲ ವಾರ, ಕೈ ಖಾಲಿ ಇದ್ದಾಗಲೇ, ಹೊಸ ಖಾತೆ ಮಾಡಿಸಿದೆ. ದಿನಕ್ಕೆ 20ರಂತೆ ಶುರು. ಅಷ್ಟಮಿ, ಚೌತಿ ಕಳೆದ ಮೇಲೆ 100. ಮದುವೆ, ಕೋಲ, ಬ್ರಹ್ಮಕಲಶ ಎಲ್ಲ ಒಟ್ಟಿಗೆ ಬರುವ ತಿಂಗಳುಗಳಲ್ಲಿ 150, 200. "ಇವತ್ತು ಎಷ್ಟು ಅಕ್ಕಾ?" ಅಂತ ಪಿಗ್ಮಿಯವರು ಕೇಳಿದರೆ ಹಿಂದಿನ ಪುಟ ತೆಗೆದು ನೋಡಿ ಹೇಳುತ್ತೇನೆ. ಮಧ್ಯದಲ್ಲಿ ಮುರಿದರೆ ಬಡ್ಡಿ ಹೋಗುತ್ತದೆ ಅಂತ ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಆ ಹೆದರಿಕೆಯಿಂದಲೂ ಲಾಭವಾಯಿತು.

ಎಲ್ಲಿ ಕಟ್ಟುವುದು ಅನ್ನುವುದೂ ಮುಖ್ಯ. ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಸಹಕಾರಿ ಸೊಸೈಟಿಯ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡು ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ. ಸೊಸೈಟಿಯಲ್ಲಿ ಬಡ್ಡಿ ಸ್ವಲ್ಪ ಜಾಸ್ತಿ ಸಿಗುವುದೂ ಉಂಟು, ಚೆನ್ನಾಗಿ ನಡೆಯುವ ಸೊಸೈಟಿಗಳೂ ಬೇಕಾದಷ್ಟಿವೆ. ನಾನು ಮಾತ್ರ ಮಳೆಗಾಲದ ದುಡ್ಡನ್ನು ವಿಮೆ ಇರುವ ಕಡೆಯೇ ಇಟ್ಟೆ.

ಖಾತೆ ನನ್ನ ಹೆಸರಲ್ಲಿ, ಅದಕ್ಕೆ ಕೊಟ್ಟ ಮೊಬೈಲ್ ನಂಬರೂ ನನ್ನದೇ. ಇದನ್ನು ಒತ್ತಿ ಹೇಳುತ್ತೇನೆ. ಅಳಿಯಸಂತಾನ ಕಟ್ಟಿನ ಊರು ನಮ್ಮದು, ಬರಿ (ಕುಲದ ಹೆಸರು) ಬರುವುದು ತಾಯಿಯಿಂದ. ಆದರೂ ಎಷ್ಟೋ ಹೆಂಗಸರ ಪಾಸ್‌ಬುಕ್ಕಿಗೆ ಗಂಡನ ನಂಬರು, ಮೆಸೇಜು ಬರುವುದು ಗಂಡನ ಫೋನಿಗೆ. ನಮ್ಮವರು ಕಡಲಿನಲ್ಲಿ ಇರುವಾಗ ಓಟಿಪಿ ಬಂದರೆ ನಾನು ಯಾರನ್ನು ಕೇಳಲಿ? ಅವರಿಗೇ ಈ ಮಾತು ಹೇಳಿದೆ, ಮರುದಿನ ಅವರೇ ಜೊತೆಗೆ ಬಂದು ನಂಬರು ಬದಲಿಸಿಕೊಟ್ಟರು. ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಬರುತ್ತದೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರು. ಅದನ್ನು ನಾನು ಯಾವತ್ತೂ ಮನೆ ಲೆಕ್ಕಕ್ಕೆ ಸೇರಿಸಿಲ್ಲ. ಬಿಪಿ ಮಾತ್ರೆ, ಎಲೆಯಡಿಕೆ, ಮೊಮ್ಮಗಳಿಗೆ ಐಸ್‌ಕ್ರೀಮು, ಅವರ ದುಡ್ಡು ಅವರ ಇಷ್ಟ.

ಮಳೆಗಾಲದಲ್ಲಿ ಮಿಷನ್ ಸುಮ್ನೆ ಕೂರಬಾರದು ಅಂತಲೂ ದಾರಿ ಹುಡುಕಿದೆ. ಜೂನ್ ಮೊದಲಿಗೆ ಯೂನಿಫಾರಂ ಬಿಗಿ ಮಾಡುವ, ಉದ್ದ ಬಿಡಿಸುವ ಕೆಲಸ ಸಿಗುತ್ತದೆ. ಅದು ಮುಗಿದ ಮೇಲೆ ಮುದ್ದುಕೃಷ್ಣನ ಉಡುಪು. ಅಷ್ಟಮಿಗೆ ಉಡುಪಿಯಲ್ಲಿ ಎಷ್ಟು ಕಡೆ ಮುದ್ದುಕೃಷ್ಣ ಸ್ಪರ್ಧೆ ನಡೆಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಳದಿ ಸ್ಯಾಟಿನ್ನಿನ ಕಚ್ಚೆ, ಜರಿ ಅಂಚು, ಸೊಂಟಕ್ಕೆ ಇಲಾಸ್ಟಿಕ್. ಕಚ್ಚೆಯ ನೆರಿಗೆ ಮೊದಲೇ ಹಿಡಿದು ಹೊಲಿದಿಟ್ಟರೆ ಎರಡು ವರ್ಷದ ಅಳುವ ಮಗುವಿಗೂ ಒಂದೇ ಸಲಕ್ಕೆ ಏರಿಸಬಹುದು. ತಾಯಂದಿರಿಗೆ ಬೇಕಾದದ್ದು ಅದೇ. ಒಳಗೆ ತೆಳು ಹತ್ತಿ ಬಟ್ಟೆ ಕೊಡುತ್ತೇನೆ, ಸ್ಯಾಟಿನ್ ಚುಚ್ಚಿದರೆ ಮಗು ಸ್ಟೇಜಿನಲ್ಲಿ ನಿಲ್ಲುವುದಿಲ್ಲ. ಮಳೆ ಸುರಿಯುವಾಗ ಹೊಲಿದು ಅಳತೆಯಂತೆ ಕಟ್ಟಿಟ್ಟರೆ ಅಷ್ಟಮಿಯ ಹಿಂದಿನ ವಾರ ಎಲ್ಲ ಖಾಲಿ. ಈ ಕೆಲಸ ನನಗೆ ತುಂಬಾ ಇಷ್ಟ.

ಇನ್ನೊಂದು ಮಾತು. ಲೆಕ್ಕ ಬರೆಯುತ್ತಾ ಹೋದಾಗ ಒಂದು ಕಂಡಿತು. ಮಗಳದ್ದು, ಅತ್ತೆಯದ್ದು, ಬಸ್ಸಿನದ್ದು ಎಲ್ಲ ಇದೆ, ನನ್ನದು ಅಂತ ಒಂದು ಸಾಲೂ ಇಲ್ಲ. (2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಮ್ಮ ರೂಟಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಆ ಸಾಲು ಹಾಗೇ ಉಂಟು.) ಆಗ ನನಗೆ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆ ತಿರುಗುವುದು. ತಿಂಗಳಿಗೆ 300 ನನ್ನ ಹೆಸರಲ್ಲಿ ಬರೆದೆ. ಆ ದುಡ್ಡಿನಿಂದ ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, ನನಗೆ 9 ಇತ್ತು. ಡಾಕ್ಟ್ರು ಕಬ್ಬಿಣದ ಮಾತ್ರೆ ಕೊಟ್ಟರು, ಅದರ ಹಿಂದೆ ಮುಂದೆ ಚಾ ಕುಡಿಯಬೇಡಿ ಅಂದರು. ಕೆಲವು ತಿಂಗಳಲ್ಲಿ ಸರಿಯಾಯಿತು. ಈ ವಯಸ್ಸಿನಲ್ಲಿ ಸುಸ್ತು ಎಲ್ಲರಿಗೂ ಇರುತ್ತದೆ ಅಂತ ಸುಮ್ಮನಿರುವ ಅಕ್ಕತಂಗಿಯರು ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿ.

ಕಳೆದ ಮೇ ಕೊನೆಗೆ ಬಂದ ಪಿಗ್ಮಿಯಲ್ಲಿ ಫೀಸು ಕಟ್ಟಿ, ಕುಚ್ಚಲಕ್ಕಿ, ತೆಂಗಿನೆಣ್ಣೆ, ಒಣಮೀನು ತಂದಿಟ್ಟು, ಮಾಡಿನ ಒಡೆದ ಹಂಚು ಬದಲಿಸಿದ ಮೇಲೂ ಸ್ವಲ್ಪ ಉಳಿಯಿತು. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ ಅವಳಿಗೆ ಹತ್ತು ತುಂಬುವ ಮೊದಲೇ ಮಾಡಿಸಿಯಾಗಿದೆ, ಅದಕ್ಕೊಂದಿಷ್ಟು ಹೋಯಿತು. ಈಗ ನನಗೇ ಒಂದು ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಮಾಡುವ ಯೋಚನೆ. ವರ್ಷಕ್ಕೆ 500 ಕಟ್ಟಿದರೂ ಖಾತೆ ನಡೆಯುತ್ತದೆ, 15 ವರ್ಷದ ಅವಧಿ. ಮುಗಿಯುವಾಗ ನನಗೆ ಐವತ್ತು ದಾಟಿರುತ್ತದೆ, ಸೂಜಿಗೆ ನೂಲು ಹಾಕಲು ಕನ್ನಡಕ ಬೇಕಾಗುವ ವಯಸ್ಸು. ಅಂಚೆ ಕಚೇರಿಯಿಂದ ಫಾರ್ಮ್ ತಂದು ತುಂಬಿಸಿದ್ದೇನೆ. ನಾಮಿನಿ ಜಾಗದಲ್ಲಿ ಇವರ ಹೆಸರಾ, ಮಗಳದ್ದಾ ಅಂತ ಇಬ್ಬರೂ ಇನ್ನೂ ಮಾತಾಡುತ್ತಿದ್ದೇವೆ.