ಏಡಿ ನೋಡೋಕೆ ಹೋಗ್ತೀರಾ? ಮೊದಲು ನೀರು ಇಳಿಯುವ ಹೊತ್ತು ನೋಡಿ

ಕಾಂಡ್ಲಾ ಕಾಡಿಗೆ, ಅಂದರೆ ಅಳಿವೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿಗೆ, ಹೋಗಿ ಬಂದವರು "ಅಲ್ಲೇನಿಲ್ಲ, ಬರೀ ಕೆಸರು" ಅಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಹೋದ ಹೊತ್ತು ಸರಿಯಿರಲ್ಲ, ಇಲ್ಲವೇ ನಿಂತದ್ದು ಎರಡೇ ನಿಮಿಷ. ಒಂದು ಚಾಪೆ ಹಾಸುವಷ್ಟು ಕೆಸರಿನಲ್ಲೇ ಹತ್ತಾರು ಏಡಿ ಇರುತ್ತವೆ. ಅವು ನಿಮ್ಮನ್ನು ಮೊದಲೇ ನೋಡಿ ಒಳಗೆ ಹೋಗಿರುತ್ತವೆ, ಅಷ್ಟೆ.

ಹೊತ್ತಿನ ಲೆಕ್ಕ ಸುಲಭ. ಸಮುದ್ರದ ನೀರು ದಿನಕ್ಕೆ ಸುಮಾರು ಎರಡು ಸಲ ಏರಿ ಇಳಿಯುತ್ತದೆ, ದಿನ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಮೂರು ಗಂಟೆಗೆ ಇಳಿದರೆ ನಾಳೆ ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ಇಳಿತ ಸಾಮಾನ್ಯವಾಗಿ ನಸುಕಿಗೆ ಮತ್ತು ಸಂಜೆಗೆ ಬರುತ್ತದೆ, ಹಾಗಾಗಿ ನಾಲ್ಕರ ಹೊತ್ತಿಗೆ ಹೋಗಿ ಕೂತರೆ ನೀರು ಇಳಿಯುತ್ತಾ ಇರುವಾಗಲೇ ಎಲ್ಲ ಶುರುವಾಗುತ್ತದೆ. ಫೋನಿನಲ್ಲಿ ಕಾರವಾರ ಅಥವಾ ಮಂಗಳೂರಿನ ಉಬ್ಬರ ಇಳಿತದ ಪಟ್ಟಿ ಸಿಗುತ್ತದೆ. ಆದರೆ ನದಿಯ ಒಳಗೆ ಹೋದಷ್ಟೂ ಸಮುದ್ರದ ದಂಡೆಗಿಂತ ಸ್ವಲ್ಪ ತಡ. ಅಳಿವೆಯಲ್ಲಿ ಚಿಪ್ಪಿಕಲ್ಲು ಆರಿಸುವ ಹೆಂಗಸರು ಸಿಕ್ಕರೆ ಅವರನ್ನೇ ಕೇಳಿ, "ಅಕ್ಕಾ, ನೀರು ಯಾವಾಗ ಇಳೀತದೆ?" ಅಂತ. ಪಟ್ಟಿಗಿಂತ ಅವರ ಮಾತೇ ಸರಿಯಿರುತ್ತದೆ.

ಜಾಗ ಎಲ್ಲಿ ಅಂದರೆ, ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆ. ಗಿಡಗಳ ನಡುವೆ ಮರದ ಹಲಗೆಯ ದಾರಿ ಇದೆ, ಕೆಸರಿಗೆ ಇಳಿಯಬೇಕಿಲ್ಲ, ವಯಸ್ಸಾದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು. ಕುಮಟಾ ಕಡೆಯ ಅಘನಾಶಿನಿ ಅಳಿವೆಯೂ ಅಷ್ಟೇ ಚೆಂದ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿದೆ.

ಈಗ ಮುಖ್ಯ ವಿಷಯ. ಹುಡುಕಬೇಡಿ, ಕೂರಿ. ಏಡಿಗೆ ನಿಮ್ಮ ಬಣ್ಣಕ್ಕಿಂತ ನಿಮ್ಮ ಅಲುಗಾಟ ಕಾಣುತ್ತದೆ, ಹೆಜ್ಜೆಯ ಅದುರು ನೆಲದಲ್ಲೇ ಗೊತ್ತಾಗುತ್ತದೆ. ನಿಂತರೆ ನೀವು ಅವಕ್ಕೆ ದೊಡ್ಡ ಹಕ್ಕಿಯ ಹಾಗೆ ಕಾಣುತ್ತೀರಿ. ತಗ್ಗಾಗಿ ಕೂತು, ನೆರಳು ಬಿಲಗಳ ಮೇಲೆ ಬೀಳದ ಹಾಗೆ ನೋಡಿಕೊಂಡು, ಹತ್ತು ನಿಮಿಷ ಸುಮ್ನಿರಿ.

ಆಗ ಒಂದು ಬಿಲದ ಬಾಯಲ್ಲಿ ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ ಎರಡು ಕಣ್ಣು ಏಳುತ್ತವೆ. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಅರ್ಧ ಮೈ, ಆಮೇಲೆ ಪೂರ್ತಿ ಏಡಿ. ಒಂದು ಇಕ್ಕಳ ಮೈಯಷ್ಟೇ ದೊಡ್ಡದಿದ್ದರೆ ಅದು ಗಂಡು ಫಿಡ್ಲರ್ ಏಡಿ. ಇನ್ನೊಂದು ಪುಟ್ಟ ಇಕ್ಕಳದಿಂದ ಕೆಸರು ಚಿವುಟಿ ಬಾಯಿಗೆ ಇಡುತ್ತದೆ, ಅದರಲ್ಲಿದ್ದ ಪಾಚಿಯ ಚೂರನ್ನು ಬಾಯಲ್ಲೇ ಸೋಸಿಕೊಂಡು ಉಳಿದ ಮಣ್ಣನ್ನು ಗುಳಿಗೆ ಮಾಡಿ ಕೆಳಗೆ ಬಿಡುತ್ತದೆ, ಮತ್ತೆ ಚಿವುಟುತ್ತದೆ. ಹೆಣ್ಣಿಗೆ ಎರಡೂ ಪುಟ್ಟ ಇಕ್ಕಳ, ಎರಡೂ ಕೈಯಲ್ಲಿ ಊಟ. ಗಂಡು ನಡುನಡುವೆ ಊಟ ನಿಲ್ಲಿಸಿ ದೊಡ್ಡ ಇಕ್ಕಳವನ್ನು ಎತ್ತಿ ಇಳಿಸುತ್ತದೆ. ಹೆಣ್ಣನ್ನು ಕರೆಯೋಕೆ, ಪಕ್ಕದ ಗಂಡಿಗೆ "ಇದು ನನ್ನ ಜಾಗ" ಅನ್ನೋಕೆ. ಬೀಸುವ ರೀತಿ ಒಂದೊಂದು ಜಾತಿಗೆ ಒಂದೊಂದು ತರಹ. ಒಂದೇ ಏಡಿಯನ್ನು ಆರಿಸಿಕೊಂಡು ಅರ್ಧ ಗಂಟೆ ನೋಡಿ, ಅಂಥ ಹತ್ತು ಏಡಿಯ ಫೋಟೋ ತೆಗೆಯುವುದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಅದನ್ನು ತಿರುಗಿಸಿ, ದೊಡ್ಡ ಗಾಜಿನ ಕಡೆ ಕಣ್ಣಿಟ್ಟು, ಸಣ್ಣ ಗಾಜನ್ನು ವಸ್ತುವಿಗೆ ತೀರಾ ಹತ್ತಿರ ಹಿಡಿದರೆ ಭೂತಗನ್ನಡಿಯ ಕೆಲಸ ಮಾಡುತ್ತದೆ. ಏಡಿ ಬಿಟ್ಟ ಗುಳಿಗೆಗಳನ್ನು, ಕಾಂಡಕ್ಕೆ ಅಂಟಿದ ಬಸವನಹುಳುವನ್ನು ಹೀಗೆ ನೋಡಿ. ಅಂದ ಹಾಗೆ, ಕಾಂಡಗಳನ್ನೂ ನೋಡಲು ಮರೆಯಬೇಡಿ. ಕಾಂಡ್ಲಾದ ಬೇರು, ಕಾಂಡ ಹತ್ತುವ ಏಡಿಗಳಿವೆ, ಹತ್ತಿರ ಹೋದರೆ ಸುತ್ತಿ ಆ ಕಡೆಗೆ ಅಡಗುತ್ತವೆ.

ಕೆಸರಿನ ಮೇಲೆ ಏನೋ ಕುಪ್ಪಳಿಸಿದರೆ ಕಪ್ಪೆ ಅಂದುಕೊಳ್ಳಬೇಡಿ, ಅದು ಮಡ್‌ಸ್ಕಿಪ್ಪರ್ ಮೀನು. ಎದೆಯ ಈಜುರೆಕ್ಕೆ ಊರಿಕೊಂಡು ನಡೆಯುತ್ತದೆ, ಮೈ ಒದ್ದೆ ಇರುವವರೆಗೆ ಚರ್ಮದಿಂದಲೂ ಬಾಯಿಯ ಒಳಪದರದಿಂದಲೂ ಉಸಿರಾಡುತ್ತದೆ. ಆಗಾಗ ಕಣ್ಣನ್ನು ಒಳಕ್ಕೆ ಎಳೆದುಕೊಂಡು ಒದ್ದೆ ಮಾಡಿಕೊಳ್ಳುತ್ತದೆ, ಗಮನವಿಟ್ಟು ನೋಡಿ.

ಮರಳಿನ ದಂಡೆಯಲ್ಲಿ ಕೂರುವುದಕ್ಕಿಂತ ಮೊದಲು ಗುರುತು ಓದಬೇಕು. ಬಿಲದ ಸುತ್ತ ಸಾಸಿವೆಗಿಂತ ದೊಡ್ಡ ಮರಳ ಗುಳಿಗೆಗಳು ರಂಗೋಲಿಯ ಎಳೆಗಳ ಹಾಗೆ ಹರಡಿದ್ದರೆ ಅದು ಪುಟ್ಟ ಬಬ್ಲರ್ ಏಡಿಯ ಊಟದ ಗುರುತು. ಬಿಲ ದೊಡ್ಡದಾಗಿ, ಒಂದು ಬದಿಗೆ ಮರಳು ಎಸೆದಿದ್ದರೆ ಘೋಸ್ಟ್ ಏಡಿ. ಅದು ಜಾಸ್ತಿ ಓಡಾಡುವುದು ಕತ್ತಲಾದ ಮೇಲೆ. ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿಕೊಳ್ಳಿ, ಬಿಳಿ ಬೆಳಕಿಗೆ ಅದು ಬೆದರುತ್ತದೆ. ಚಳಿಗಾಲದ ರಾತ್ರಿ ಕಡಲಾಮೆ ಮೊಟ್ಟೆಯಿಡಲು ಬಂದದ್ದು ಕಂಡರೆ ಟಾರ್ಚ್ ಪೂರ್ತಿ ಆರಿಸಿ, ದೂರ ನಿಲ್ಲಿ.

ಕಾಲಿಗೆ ಹಿಂದೆ ಪಟ್ಟಿ ಇರುವ ಹಳೆಯ ಚಪ್ಪಲಿ ಇಲ್ಲವೇ ಶೂ ಇರಲಿ. ನನ್ನ ಹವಾಯಿ ಚಪ್ಪಲಿ ಒಂದು ಸಲ ಕೆಸರಿನಲ್ಲೇ ಉಳಿದು, ಬರಿಗಾಲಿಗೆ ಸಿಂಪಿಯ ಚಿಪ್ಪು ಕುಯ್ದಿತ್ತು. ಗಾಯ ಆರೋಕೆ ಎರಡು ವಾರ ಬೇಕಾಯಿತು. ಕೆಸರಿನಿಂದ ಪೆನ್ಸಿಲ್‌ನಂತೆ ಎದ್ದಿರುವ ಉಸಿರುಬೇರುಗಳನ್ನು ತುಳಿಯಬೇಡಿ, ಮರ ಉಸಿರಾಡುವುದು ಅವುಗಳಿಂದಲೇ. ಬಿಲಕ್ಕೆ ಕಡ್ಡಿ ಹಾಕಬೇಡಿ. ಖಾಲಿ ಶಂಖ ಮನೆಗೆ ತರಬೇಡಿ, ಅದು ಹರ್ಮಿಟ್ ಏಡಿಯ ಮುಂದಿನ ಮನೆ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಮೆತ್ತಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಗೆ ಹೋಗುವುದೇ ಬೇಡ, ಅಲೆಯ ಜೋರು ಹೇಳೋಕಾಗಲ್ಲ.

ನೀರು ತಿರುಗಿ ಏರುವುದು ನಿಮಗಿಂತ ಮೊದಲು ಏಡಿಗೆ ಗೊತ್ತಾಗುತ್ತದೆ. ಫಿಡ್ಲರ್ ಏಡಿ ಕೆಸರಿನ ಉಂಡೆಯನ್ನು ಬಿಲದ ಬಾಯಿಗೆ ಎಳೆದುಕೊಂಡು ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಪಕ್ಕದ್ದೂ ಮುಚ್ಚಿಕೊಳ್ಳುತ್ತದೆ. ಅಂಥ ನಾಲ್ಕೈದು ಬಾಗಿಲು ಮುಚ್ಚಿದ್ದು ಕಂಡರೆ ನೀವೂ ಎದ್ದು ದಡದ ಕಡೆ ಹೊರಡಿ.