ವೈಪರ್ ಮೋಟಾರಿನ ಮೇಲೆ ಚಂದ್ರ, ಮಂಗಳ, ಗುರು

ತಿರುಗುವ ಗಾಲಿಯ ಮೇಲೆ ಹೆಸರುಕಾಳು ಮೊಳೆಸುತ್ತಿದ್ದೆ, ಈ ಸಲ ಬೇರು ನಾನು ಹೇಳಿದ ಕಡೆಗೇ ಹೋಯಿತು. ಒಂಬತ್ತು ತಿಂಗಳು ಸ್ಟಾಫ್ ರೂಮಿನಲ್ಲಿ ನಕ್ಕವರೆಲ್ಲ ಬಂದು ನೋಡಿಕೊಂಡು ಹೋದರು.

ಶುರುವಾಗಿದ್ದು ಒಂಬತ್ತನೇ ತರಗತಿಯ ಹುಡುಗಿಯ ಪ್ರಶ್ನೆಯಿಂದ. "ಗುರುಗ್ರಹದಾಗ ಆನಿ ಹೆಂಗಿರತಿತ್ರೀ ಸರ್?" ಗುರುವಿನಲ್ಲಿ ನಿಲ್ಲೋಕೆ ನೆಲವೇ ಇಲ್ಲ, ಅದು ಬೇರೆ ಮಾತು. ಆದರೆ ತೂಕ ಎರಡೂವರೆ ಪಟ್ಟಾದರೆ ಮೈ ಏನಾಗುತ್ತೆ ಅಂತ ಕೇಳೋದು ಸರಿ ಅಲ್ವಾ? ಗಾಲಿಯ ಅಂಚಿಗೆ ಕೂರಿಸಿ ತಿರುಗಿಸಿದರೆ ಹೊರಕ್ಕೆ ತಳ್ಳಿದ ಹಾಗಾಗುತ್ತೆ, ಮೈಗೆ ಅದೇ ತೂಕ. ಆನೆ ತಿರುಗಿಸೋಕೆ ಆಗಲ್ಲ, ಹೆಸರುಕಾಳು ತಿರುಗಿಸಬಹುದು. 1806ರಲ್ಲೇ ಇಂಗ್ಲೆಂಡಿನ ಸಸ್ಯವಿಜ್ಞಾನಿ ಥಾಮಸ್ ಆಂಡ್ರ್ಯೂ ನೈಟ್ ನೀರಿನ ಗಾಲಿಗೆ ಕಾಳು ಕಟ್ಟಿ ಮೊಳಕೆ ಬರಿಸಿದ್ದ. ನಮ್ಮ ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ವರ್ಷಪೂರ್ತಿ ನೀರಿರಲ್ಲ. ಹಾಗಾಗಿ ಮೋಟಾರ್.

"ಕಾಳಿಗೆ ತಲಿ ತಿರಗತೈತಿ, ಅಷ್ಟ ನೋಡ್ರಿ ಸರ್" ಅಂದರು ನಮ್ಮ ಗಣಿತದ ಮೇಷ್ಟ್ರು.

ಮೊದಲು ಹಳೇ ಟೇಬಲ್ ಫ್ಯಾನ್ ಮೋಟಾರ್ ಹಾಕಿದೆ. ಸ್ವಿಚ್ ಹಾಕಿದ್ದೇ ತಡ, ಕಾಳೆಲ್ಲ ಗೋಡೆಗೆ ಬಡಿದವು. ಆಮೇಲೆ ಗುಜರಿಯಿಂದ ಬೆಲ್ಟ್ ಸಮೇತ ಗ್ರೈಂಡರ್ ಮೋಟಾರ್, ಏಳುನೂರು ರೂಪಾಯಿ. ಎರಡು ದಿನ ಚೆನ್ನಾಗಿ ತಿರುಗಿತು. ಮೂರನೇ ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ ಬೇರುಗಳೆಲ್ಲ ಸೊಟ್ಟಗೆ ನೆಲದ ಕಡೆ ತಿರುಗಿದ್ದವು. ಆ ಏಳುನೂರು ಹೋದಂತೆಯೇ.

ಕೊನೆಗೆ ಕೈ ಹಿಡಿದಿದ್ದು ಕಾರಿನ ವೈಪರ್ ಮೋಟಾರ್. ಗಂಗಾವತಿಯ ಗುಜರಿಯಲ್ಲಿ ನಾನೂರು ಹೇಳಿದ, ಮುನ್ನೂರೈವತ್ತಕ್ಕೆ ಕೊಟ್ಟ. ಹನ್ನೆರಡು ವೋಲ್ಟು, ಬೈಕ್ ಬ್ಯಾಟರಿಯಲ್ಲೇ ತಿರುಗುತ್ತೆ. ಬ್ಯಾಟರಿಗೆ ಚಾರ್ಜರ್ ಹಚ್ಚೇ ಇಟ್ಟರೆ ಸ್ವಲ್ಪ ಹೊತ್ತು ಕರೆಂಟ್ ಹೋದರೂ ಗಾಲಿ ನಿಲ್ಲಲ್ಲ. ನಡುವಿನಿಂದ ಹತ್ತು ಸೆಂಟಿಮೀಟರ್ ದೂರಕ್ಕೆ ಕಾಳು ಕೂರಿಸಿ. ನಿಮಿಷಕ್ಕೆ ಸುಮಾರು 40 ಸುತ್ತು ಹಾಕಿದರೆ ಚಂದ್ರನ ಎಳೆತ, 60ಕ್ಕೆ ಮಂಗಳನದು. ಮೋಟಾರಿನ ಎರಡು ಸ್ಪೀಡೂ ಹೆಚ್ಚುಕಮ್ಮಿ ಅಷ್ಟೇ ಇವೆ, ನನ್ನ ಪುಣ್ಯ. 150ಕ್ಕೆ ಗುರು, ಅದಕ್ಕೆ ಪುಲ್ಲಿ ಬೇಕು. ಗಾಲಿ ಮಾತ್ರ ಸೈಕಲ್ ಗಾಲಿಯ ಹಾಗೆ ನಿಂತೇ ತಿರುಗಬೇಕು. ಆಗ ಭೂಮಿಯ ಎಳೆತ ಸುತ್ತಲೂ ಹಂಚಿಹೋಗುತ್ತೆ. ಮಲಗಿಸಿದರೆ ಬೇರು ಓರೆಯಾಗುತ್ತೆ.

ನಿಜವಾದ ಶತ್ರು ಗಾಳಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಅದರ ಜೊತೆ ಗಾಲಿಯ ಗಾಳಿ. ಕಾಳಿನ ಸುತ್ತ ಇಟ್ಟ ಒದ್ದೆ ಹತ್ತಿ ಎರಡು ತಾಸಿಗೆ ಒಣಗಿ ಹಪ್ಪಳ. ಡಬ್ಬಿ ಮುಚ್ಚಿದರೆ ಬೂಸ್ಟು. ಮೂರು ಬ್ಯಾಚು ಹೀಗೇ ಹಾಳಾದವು. ಹತ್ತಿಗೆ ಏನು ಬೆರೆಸಿದೆ ಅಂತ ಈಗಲೇ ಹೇಳಲ್ಲ. ಈ ವರ್ಷದ ವಿಜ್ಞಾನ ವಸ್ತುಪ್ರದರ್ಶನ ಮುಗಿಯಲಿ. ಒಟ್ಟು ಖರ್ಚು ಮೂರು ಸಾವಿರದ ಹತ್ತಿರ. ಮನೆಯಲ್ಲಿ ಸಾವಿರದ ಎಂಟುನೂರು ಅಂತ ಹೇಳಿದ್ದೇನೆ.

ಈ ನಡುವೆ ಆನೆಯ ಪ್ರಶ್ನೆ ಬಿಟ್ಟಿರಲಿಲ್ಲ. ಮಟನ್ ಅಂಗಡಿಯಿಂದ ಆಡಿನ ಮುಂಗಾಲಿನ ಕೆಳಗಿನ ಎಲುಬು ತಂದೆ. ಊರಾಚೆ ಬಿದ್ದಿದ್ದ ಎಮ್ಮೆಯದೂ ಒಂದು ಸಿಕ್ಕಿತು. ವರ್ನಿಯರ್‌ನಲ್ಲಿ ಅಳೆದೆವು. ಆಡಿನದು 11 ಸೆಂಟಿಮೀಟರ್ ಉದ್ದ, ನಡುವೆ ಒಂದೂವರೆ ದಪ್ಪ. ಎಮ್ಮೆಯದು 20 ಉದ್ದ, 4 ದಪ್ಪ. ಉದ್ದ ಎರಡು ಪಟ್ಟೂ ಇಲ್ಲ, ದಪ್ಪ ಎರಡೂವರೆ ದಾಟಿದೆ. ಗೆಲಿಲಿಯೋ 1638ರಲ್ಲೇ ಹೇಳಿದ್ದ ಮಾತು. ಮೈ ಎರಡು ಪಟ್ಟು ದೊಡ್ಡದಾದರೆ ತೂಕ ಎಂಟು ಪಟ್ಟು, ಎಲುಬನ್ನು ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಜಾಗ ನಾಲ್ಕೇ ಪಟ್ಟು. ಹಾಗಾಗಿ ದೊಡ್ಡ ಮೈಯವುಗಳಲ್ಲಿ ತಲೆತಲಾಂತರದಲ್ಲಿ ದಪ್ಪ ಕಾಲಿನವೇ ಉಳಿದವು. ನೀಲಿ ತಿಮಿಂಗಿಲಕ್ಕೆ ಆ ಕಷ್ಟವಿಲ್ಲ, ಅದನ್ನು ನೀರು ಹೊರುತ್ತೆ. ಗುರುವಿನ ಎಳೆತದಲ್ಲಿ ಆನೆ ಗಿಡ್ಡ ಆಗಬೇಕು, ಇಲ್ಲ ಕಾಲು ಕಂಬ ಆಗಬೇಕು. ಎಲುಬನ್ನು ಸ್ಟಾಫ್ ರೂಮಿನ ಟೇಬಲ್ ಮೇಲೆ ಇಟ್ಟಿದ್ದಕ್ಕೆ ಬೈಸಿಕೊಂಡೆ.

ಹೆಸರುಕಾಳಿನ ಮೂರು ದಿನ ವಿಕಾಸ ಅಲ್ಲ, ಅದು ನನಗೂ ಗೊತ್ತು. ಮೈ ತೂಕವನ್ನು ಓದುತ್ತೆ ಅನ್ನೋದಷ್ಟೇ ಅದರಲ್ಲಿ ಕಾಣೋದು. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಕಣ ಯಾವ ಕಡೆ ಕೂರುತ್ತೋ ಆ ಕಡೆಯೇ ಅದಕ್ಕೆ 'ಕೆಳಗೆ'.

ಮೂರನೇ ದಿನ ಗುರುವಿನ ಡಬ್ಬಿ ತೆಗೆದರೆ ಬೇರುಗಳೆಲ್ಲ ಸೈಕಲ್ ಕಡ್ಡಿಯ ಹಾಗೆ ನೆಟ್ಟಗೆ ಹೊರಕ್ಕೆ, ಚಿಗುರು ಗಾಲಿಯ ನಡುವಿಗೆ. ಚಂದ್ರನ ಡಬ್ಬಿಯವು ಸ್ವಲ್ಪ ಅಡ್ಡಾದಿಡ್ಡಿ, ಆದರೂ ಹೊರಗೇ. ಗಣಿತದ ಮೇಷ್ಟ್ರು ಸುಮ್ನೆ ನೋಡಿದರು. ಆಮೇಲೆ ಬ್ಯಾಟರಿ ವೈರು ಕಿತ್ತು ಗಾಲಿ ನಿಲ್ಲಿಸಿದರು. ಸಂಜೆ ಶಾಲೆ ಬಿಡುವ ಹೊತ್ತಿಗೆ ಮೇಲಿನ ಕಾಳಿನ ಬೇರಿನ ತುದಿ ಬಾಗಿ ನೆಲ ನೋಡುತ್ತಿತ್ತು. "ಇನ್ನೊಂದ್ ವೈಪರ್ ಮೋಟಾರ್ ಎಲ್ಲಿ ಸಿಗತೈತ್ರೀ?" ಅಂದರು.